ಗಾಜಿನೊಳಗೆ ಅರಳುವ ಚಹಾ: ಕಣ್ಣಿಗೂ ಬೇಕು, ನಾಲಿಗೆಗೂ ಬೇಕು

ಪ್ರಶ್ನೆ: ಮಗಳು ಸಿಂಗಾಪುರದಿಂದ ಬರುವಾಗ ಒಂದು ಡಬ್ಬಿ ಚೀನಾ ಚಹಾ ತಂದಿದ್ದಾಳೆ. ಒಳಗೆ ಒಂದೊಂದಾಗಿ ಪ್ಯಾಕ್ ಮಾಡಿದ ಗಟ್ಟಿ ಉಂಡೆಗಳಿವೆ. ಬಿಸಿನೀರಿಗೆ ಹಾಕಿದರೆ ಹೂ ಅರಳುತ್ತದೆ ಅಂದಳು. ಮೊದಲನೆಯದನ್ನು ಮಾಮೂಲಿ ಚಹಾದ ಹಾಗೆ ಹಾಲು ಹಾಕಿ ಕುದಿಸಿದೆ. ಏನೂ ಕಾಣಲಿಲ್ಲ, ಬರೀ ಒಗರು. ಎರಡನೆಯದನ್ನು ಗಾಜಿನ ಲೋಟಕ್ಕೆ ಹಾಕಿ ಬಿಸಿನೀರು ಸುರಿದೆ. ಅರ್ಧ ಅರಳಿ ನಿಂತಿತು, ಕುಡಿದರೆ ಕಹಿ. ಇದನ್ನು ಸರಿಯಾಗಿ ಮಾಡುವುದು ಹೇಗೆ? ಒಳಗಿನ ಹೂ ತಿನ್ನಬಹುದಾ? ನಮ್ಮ ಹಿತ್ತಲಲ್ಲಿ ಮಲ್ಲಿಗೆ ಬೇಕಾದಷ್ಟಿದೆ, ಇಂಥದ್ದನ್ನು ಮನೆಯಲ್ಲೇ ಮಾಡಲು ಬರುತ್ತದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕೈಗೆ ಬಂದಿರುವುದು ಕೈಯಿಂದ ಕಟ್ಟಿ ಮಾಡುವ ಹೂ ಚಹಾ. ಇಂಗ್ಲಿಷಿನವರು ಬ್ಲೂಮಿಂಗ್ ಟೀ ಅನ್ನುತ್ತಾರೆ. ಎರಡು ಉಂಡೆ ಹೋದವು, ಹೋಗಲಿ ಬಿಡಿ. ಉಳಿದವು ಚೆನ್ನಾಗಿ ಬರುವ ಹಾಗೆ ಮಾಡೋಣ.

ಈ ಚಹಾದ ಒಳಗೇ ಒಂದು ಜಗಳ ಇದೆ. ಉಂಡೆ ಪೂರ್ತಿ ಅರಳಬೇಕಾದರೆ ನೀರು ಚೆನ್ನಾಗಿ ಕಾದಿರಬೇಕು. ಒಳಗಿನ ಎಳೆ ಚಿಗುರು ಹಿತವಾಗಿ ರಸ ಬಿಡಬೇಕಾದರೆ ನೀರು ಅಷ್ಟು ಕಾದಿರಬಾರದು. ಕಣ್ಣು ಕೇಳುವುದು ಒಂದು, ನಾಲಿಗೆ ಕೇಳುವುದು ಇನ್ನೊಂದು. ಡಬ್ಬಿ ಮೇಲೆ ಬರೆದಿರುವ ವಿಧಾನ ಸಾಮಾನ್ಯವಾಗಿ ಕಣ್ಣಿನ ಪರ ಇರುತ್ತದೆ. ಕುದಿಯುವ ನೀರು ಸುರಿಯಿರಿ, ನೋಡಿ, ಅಷ್ಟೇ. ಹಾಗಾಗಿ ಎಷ್ಟೋ ಜನ ಒಂದು ಸಲ ನೋಡಿ, ಫೋಟೋ ತೆಗೆದು, ಒಂದು ಗುಟುಕು ಕುಡಿದು ಮುಖ ಕಿವುಚಿ ಚೆಲ್ಲಿಬಿಡುತ್ತಾರೆ. ನನಗೆ ಅದು ನಿಜವಾಗಿ ಸಂಕಟ ಆಗುವ ವಿಷಯ. ಯಾಕೆಂದರೆ ಒಳ್ಳೆಯ ಉಂಡೆಯೊಳಗೆ ಇರುವುದು ಒಳ್ಳೆಯ ಚಹಾ. ಹೂ ಅದಕ್ಕೆ ಒಡವೆ ಮಾತ್ರ.

ಇದನ್ನು ಮಾಡುವ ರೀತಿ ತಿಳಿದರೆ ಬಳಸುವ ರೀತಿ ತಾನಾಗೇ ಗೊತ್ತಾಗುತ್ತದೆ. ಚೀನಾದ ಫುಜಿಯಾನ್, ಆನ್‌ಹುಯಿ, ಯುನ್ನಾನ್ ಪ್ರಾಂತಗಳಲ್ಲಿ ಈ ಕೆಲಸ ನಡೆಯುತ್ತದೆ. ವಸಂತದ ಮೊದಲ ಚಿಗುರನ್ನು ತೊಟ್ಟು ಸ್ವಲ್ಪ ಉದ್ದ ಇರುವ ಹಾಗೆ ಕೀಳುತ್ತಾರೆ. ತೊಟ್ಟು ಗಿಡ್ಡ ಆದರೆ ಕಟ್ಟಲು ಬರುವುದಿಲ್ಲ. ಕಿತ್ತ ಚಿಗುರನ್ನು ಬಾಡಿಸಿ, ಬಿಸಿ ತಾಗಿಸುತ್ತಾರೆ. ಇದರಿಂದ ಎಲೆ ಕಪ್ಪಾಗುವುದು ನಿಲ್ಲುತ್ತದೆ, ಹಸಿರು ಉಳಿಯುತ್ತದೆ. ಎಲೆ ಇನ್ನೂ ಮೆತ್ತಗಿರುವಾಗಲೇ ಕಟ್ಟುವವರು ಕೂರುತ್ತಾರೆ. ಒಂದೊಂದೇ ಚಿಗುರನ್ನು ತೆಗೆದು, ಮೊಗ್ಗಿನ ತುದಿ ಎಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ತೊಟ್ಟಿನ ಹತ್ತಿರ ಹತ್ತಿ ದಾರದಿಂದ ಬಿಗಿಯುತ್ತಾರೆ. ಚಿಗುರುಗಳನ್ನು ಬಿಡಿಸಿ ಮಧ್ಯದಲ್ಲಿ ಒಣಗಿದ ಹೂ ಇಟ್ಟು ಅದನ್ನೂ ದಾರಕ್ಕೆ ಸೇರಿಸುತ್ತಾರೆ. ಆಮೇಲೆ ಚಿಗುರನ್ನೆಲ್ಲ ಹೂವಿನ ಮೇಲೆ ಮಡಚಿ, ಬಟ್ಟೆಯಲ್ಲಿ ಸುತ್ತಿ, ಹಿಂಡಿ ಉಂಡೆ ಮಾಡುತ್ತಾರೆ. ಬಟ್ಟೆಯಲ್ಲಿದ್ದ ಹಾಗೇ ಬಿಸಿ ಕೊಟ್ಟು ಒಣಗಿಸಿದಾಗ ಆ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ.

ಬಾಳೆನಾರಿನಲ್ಲಿ ಹೂ ಕಟ್ಟುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಜಾಸ್ತಿ ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಉದುರುತ್ತದೆ. ಇಲ್ಲೂ ಹಾಗೆಯೇ. ಬಿಗಿ ಜಾಸ್ತಿಯಾದ ಉಂಡೆ ನೀರಲ್ಲಿ ಬಾಯಿ ಬಿಡುವುದಿಲ್ಲ. ಕಮ್ಮಿಯಾದದ್ದು ಚೆಲ್ಲಾಪಿಲ್ಲಿ ಆಗುತ್ತದೆ.

ಅಂದರೆ ನೀರಲ್ಲಿ ಹೂ ಹೊಸದಾಗಿ ಅರಳುವುದಿಲ್ಲ. ಅರಳಿದ ಹೂವನ್ನೇ ಒಣಗಿಸಿ ಒಳಗಿಟ್ಟಿರುತ್ತಾರೆ. ಒಣಗಿದ ಎಲೆ ನೀರು ಕುಡಿದು ಉಬ್ಬುತ್ತದೆ, ಮಡಿಕೆ ಸಡಿಲವಾಗುತ್ತದೆ, ದಾರ ಬುಡವನ್ನು ಹಿಡಿದಿರುವುದರಿಂದ ತುದಿಗಳು ಮಾತ್ರ ಹೊರಕ್ಕೆ ಬಾಗುತ್ತವೆ. ಅದಕ್ಕೇ ದಾರವನ್ನು ಮಾತ್ರ ಕತ್ತರಿಸಬೇಡಿ.

ಇದನ್ನು ಸಾವಿರಾರು ವರ್ಷದ ಹಳೆಯ ರಾಜವೈಭವ ಅಂತ ಮಾರುವವರಿದ್ದಾರೆ. ನಂಬಬೇಡಿ. ಚಿಗುರನ್ನು ದಾರದಿಂದ ಕಟ್ಟುವ ಪದ್ಧತಿ ಹಳೆಯದು ನಿಜ. ಆದರೆ ಉಂಡೆಯೊಳಗಿಂದ ಹೂ ಬರುವ ಈ ರೂಪ ನಮ್ಮ ಕಾಲದ್ದೇ. 1980ರ ದಶಕದಲ್ಲಿ ಆನ್‌ಹುಯಿಯ ಹುವಾಂಗ್‌ಶಾನ್ ಸೀಮೆಯಲ್ಲಿ ಹಸಿರು ಚಿಗುರನ್ನೇ ಹೂವಿನ ಆಕಾರಕ್ಕೆ ಕಟ್ಟಿ 'ಹಸಿರು ಪಿಯೋನಿ' ಅಂತ ಮಾಡಿದರು (ಪಿಯೋನಿ ಅನ್ನುವುದು ಚೀನಾದ ಒಂದು ಹೂ). ಅದರಲ್ಲಿ ಬೇರೆ ಹೂವೇ ಇಲ್ಲ, ಎಲೆಯೇ ಹೂ. ಅದರ ಮೇಲೆ ನಿಜವಾದ ಹೂ ಸೇರಿಸುವ ಬಗೆಬಗೆಯ ಉಂಡೆಗಳು ಬೆಳೆದವು. ಹೊಸದಾದರೆ ಏನಂತೆ, ಕೈಕೆಲಸ ಕೈಕೆಲಸವೇ ಅಲ್ವಾ?

ಚೀನಾದವರು ಇವನ್ನು ನೀರಲ್ಲಿ ನಡೆದುಕೊಳ್ಳುವ ರೀತಿ ನೋಡಿ ಮೂರು ಬಗೆ ಮಾಡುತ್ತಾರೆ. ಒಂದು ಸುಮ್ನೆ ನಿಧಾನಕ್ಕೆ ಬಿಚ್ಚಿಕೊಳ್ಳುವುದು. ಇನ್ನೊಂದರಲ್ಲಿ ಉಂಡೆ ಬಿಚ್ಚಿದ ಮೇಲೆ ಒಳಗಿಂದ ಮಲ್ಲಿಗೆಯ ಸರ ಚಿಮ್ಮಿ ಮೇಲಕ್ಕೆ ಬರುತ್ತದೆ. ಮೂರನೆಯದರಲ್ಲಿ ಸಣ್ಣ ಎಸಳುಗಳು ಮೇಲೆ ತೇಲಿ ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತವೆ. 'ಎರಡು ಡ್ರ್ಯಾಗನ್‌ಗಳ ಮುತ್ತಿನಾಟ', 'ಹೂ ಚೆಲ್ಲುವ ಅಪ್ಸರೆ' ಅಂತೆಲ್ಲ ಹೆಸರಿಟ್ಟಿರುತ್ತಾರೆ. ಡಬ್ಬಿಯ ಮೇಲೆ ಚಿತ್ರ ಇದ್ದರೆ ನಿಮ್ಮದು ಯಾವ ಬಗೆ ಅಂತ ಒಮ್ಮೆ ನೋಡಿಕೊಳ್ಳಿ. ಸರ ಚಿಮ್ಮುವ ಬಗೆಗೆ ಎತ್ತರದ ಪಾತ್ರೆಯೇ ಬೇಕು.

ಈಗ ನಿಮ್ಮ ಎರಡನೇ ಉಂಡೆಗೆ ಏನಾಯಿತು ನೋಡೋಣ. ಒಂದು ಉಂಡೆ ಸಾಮಾನ್ಯವಾಗಿ 5ರಿಂದ 9 ಗ್ರಾಂ ತೂಗುತ್ತದೆ, 7 ಗ್ರಾಂ ಅಂತಿಟ್ಟುಕೊಳ್ಳಿ. ಹಸಿರು ಚಹಾಕ್ಕೆ 200 ಮಿಲಿ ನೀರಿಗೆ 3 ಗ್ರಾಂ ಸಾಕು. ಹಾಗಾದರೆ ಈ ಉಂಡೆಗೆ ಅರ್ಧ ಲೀಟರಿನ ಹತ್ತಿರ ನೀರು ಬೇಕು. ಮನೆಯ ಗಾಜಿನ ಲೋಟ 200–250 ಮಿಲಿ ಇರುತ್ತದೆ. ಚಹಾ ಎರಡು ಪಟ್ಟು ಗಟ್ಟಿಯಾಯಿತು, ಮೇಲಾಗಿ ಎಲೆ ಅದರಲ್ಲೇ ಕೂತಿತ್ತು. ಕಹಿ ಆಗದೆ ಇನ್ನೇನಾಗುತ್ತದೆ? ಅರ್ಧಕ್ಕೆ ನಿಂತಿದ್ದಕ್ಕೂ ಅದೇ ಕಾರಣ ಇರಬೇಕು. ಕಮ್ಮಿ ನೀರು ಬೇಗ ಆರುತ್ತದೆ, ಲೋಟದ ಅಗಲವೂ ಸಾಲುವುದಿಲ್ಲ. ಇದು ಒಬ್ಬರ ಚಹಾ ಅಲ್ಲ. ಮೂರು ನಾಲ್ಕು ಜನ ಸುತ್ತ ಕೂತು, ಒಂದು ಪಾತ್ರೆಯಿಂದ ಚಿಕ್ಕ ಕಪ್ಪುಗಳಿಗೆ ಬಗ್ಗಿಸಿಕೊಂಡು ಕುಡಿಯುವ ಚಹಾ.

ಪಾತ್ರೆ 500–600 ಮಿಲಿ ಹಿಡಿಯುವಂಥದ್ದು, ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನದು ಇರಲಿ. ಸಾದಾ ಗಾಜಿನ ಜಗ್ಗಿಗೆ ಬಿಸಿನೀರು ಸುರಿದರೆ ಸೀಳಿಬಿಡಬಹುದು. ಒಳಗೆ ಜಾಲರಿ ಇರುವ ಗಾಜಿನ ಟೀ ಪಾಟ್ ಇದ್ದರೆ ಜಾಲರಿ ತೆಗೆದಿಡಿ. ಯಾವ ಗಾಜೇ ಇರಲಿ, ಒಲೆಯ ಮೇಲೆ ಇಡುವುದು ಬೇಡ.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ಲಿನ ಗಡಸು ನೀರಾದರೆ ಚಹಾದ ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಘಮ ಏಳುವುದೇ ಇಲ್ಲ. ಹಾಲಿನ ಚಹಾದಲ್ಲಿ ಇದು ಗೊತ್ತಾಗುವುದಿಲ್ಲ, ಇಲ್ಲಿ ಎದ್ದು ಕಾಣುತ್ತದೆ. ಕುಡಿಯಲು ಇಟ್ಟಿರುವ ಫಿಲ್ಟರ್ ನೀರನ್ನೇ ಬಳಸಿ.

ಮೊದಲು ಗಾಜಿನ ಪಾತ್ರೆಗೆ ಸ್ವಲ್ಪ ಬಿಸಿನೀರು ಹಾಕಿ ತಿರುಗಿಸಿ ಚೆಲ್ಲಿ. ಪಾತ್ರೆ ಬೆಚ್ಚಗಾಗುತ್ತದೆ. ಕುದಿದ ನೀರನ್ನು ಮುಚ್ಚಳ ತೆಗೆದು ಒಂದು ಎರಡು ನಿಮಿಷ ಬಿಡಿ, 90–95 ಡಿಗ್ರಿಗೆ ಬರುತ್ತದೆ. ಉಂಡೆಯ ಒಂದು ಬದಿ ಸ್ವಲ್ಪ ಚಪ್ಪಟೆ ಇರುತ್ತದೆ, ದಾರದ ಗಂಟು ಅಲ್ಲೇ ಇರುವುದು. ಆ ಬದಿ ಕೆಳಗೆ ಬರುವ ಹಾಗೆ ಇಡಿ. ನೀರನ್ನು ಉಂಡೆಯ ನೆತ್ತಿಗೆ ಹೊಡೆಯಬೇಡಿ, ಪಾತ್ರೆಯ ಗೋಡೆಗೆ ತಾಗಿಸಿ ಸಣ್ಣ ಧಾರೆಯಲ್ಲಿ ಬಿಡಿ. ಒಟ್ಟು 400 ಮಿಲಿ ಹಾಕಿ ನಿಲ್ಲಿಸಿ. ಪಾತ್ರೆ ತುಂಬಿಸಬೇಡಿ, ಜಾಗ ಬಿಟ್ಟಿರಿ.

ಈಗ ಕೂತು ನೋಡಿ. ಉಂಡೆಯೊಳಗೆ ಗಾಳಿ ಇರುವುದರಿಂದ ಮೊದಲು ತೇಲುತ್ತದೆ. ಪಕ್ಕದಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ಒಂದೊಂದು ಸಲ ಉಂಡೆ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗುತ್ತದೆ. ಗಾಳಿ ಹೋದ ಹಾಗೆ ಭಾರವಾಗಿ ಕೆಳಗಿಳಿಯುತ್ತದೆ. ಹೊರಗಿನ ಒಂದು ಚಿಗುರು ಸರಕ್ಕನೆ ಬಿಡಿಸಿಕೊಳ್ಳುತ್ತದೆ, ಅದರ ಹಿಂದೆ ಇನ್ನೆರಡು. ಮಡಿಕೆಯ ಸಂದಿನಿಂದ ಹೂವಿನ ಕೆಂಪು ಇಣುಕುತ್ತದೆ. ನೀರಲ್ಲಿ ಬೆಳ್ಳಗೆ ನವಿರಾದ ಎಳೆಗಳು ತೇಲಿದರೆ ಧೂಳು ಅಂದುಕೊಳ್ಳಬೇಡಿ. ಎಳೆ ಮೊಗ್ಗಿನ ಮೈಮೇಲಿರುವ ರೋಮ ಅದು, ಚಿಗುರು ನಿಜವಾಗಿ ಎಳೆಯದು ಅನ್ನುವುದಕ್ಕೆ ಸಾಕ್ಷಿ. ಎರಡರಿಂದ ಐದು ನಿಮಿಷದೊಳಗೆ ಪೂರ್ತಿ ತೆರೆದುಕೊಳ್ಳುತ್ತದೆ. ಈ ಹೊತ್ತಿನಲ್ಲಿ ಕಲಕಬೇಡಿ.

ಹೂ ಕಾಣಿಸಿದ ತಕ್ಷಣ ನಾನು ಮಾಡುವ ಒಂದು ಕೆಲಸ ಡಬ್ಬಿ ಮೇಲೆ ಬರೆದಿರುವುದಿಲ್ಲ. 100 ಮಿಲಿಯಷ್ಟು ಕುಡಿಯುವ ತಣ್ಣೀರನ್ನು ಪಾತ್ರೆಯ ಗೋಡೆಗೆ ತಾಗಿಸಿ ನಿಧಾನಕ್ಕೆ ಸೇರಿಸುತ್ತೇನೆ. ಅಷ್ಟು ಹೊತ್ತಿಗೆ ನೀರು 85ರ ಹತ್ತಿರ ಬಂದಿರುತ್ತದೆ, ಈಗ 75ರ ಸುತ್ತ ಇಳಿಯುತ್ತದೆ. ಒಗರು ಕೊಡುವ ಕ್ಯಾಟೆಚಿನ್‌ಗಳೂ ಕೆಫೀನೂ ನೀರು ಬಿಸಿಯಿದ್ದಷ್ಟೂ ಜೋರಾಗಿ ಇಳಿಯುತ್ತವೆ. ಹಸಿರು ಚಹಾದ ಹಿತವಾದ ರುಚಿ ಕೊಡುವ ಥಿಯನೈನ್‌ಗೆ ಅಷ್ಟು ಬಿಸಿ ಬೇಕಿಲ್ಲ. ಹಾಗಾಗಿ ಅರಳುವುದಕ್ಕೆ ಬಿಸಿ ಕೊಟ್ಟು, ಅರಳಿದ ಮೇಲೆ ಬಿಸಿ ತಗ್ಗಿಸಿದರೆ ಆ ಜಗಳ ಅಲ್ಲಿಗೆ ಮುಗಿಯುತ್ತದೆ. ಅರಳಿದ ಹೂ ಮತ್ತೆ ಮುಚ್ಚಿಕೊಳ್ಳುವುದಿಲ್ಲ, ಹೆದರಬೇಡಿ.

ಒಂದೆರಡು ನಿಮಿಷ ಬಿಟ್ಟು ಬಗ್ಗಿಸಿ. ಪೂರ್ತಿ ಬಗ್ಗಿಸಬೇಡಿ, ಹೂ ಮುಳುಗುವಷ್ಟು, ಅಂದರೆ ಮೂರರಲ್ಲಿ ಒಂದು ಪಾಲು ಉಳಿಸಿ. ಅದರ ಮೇಲೆ 80–85 ಡಿಗ್ರಿಯ ನೀರು ಸೇರಿಸಿ. ಎರಡನೇ ಸಲ ರುಚಿ ಮೊದಲಿಗಿಂತ ದುಂಡಗೆ ಬರುತ್ತದೆ, ನನಗೆ ಅದೇ ಜಾಸ್ತಿ ಇಷ್ಟ. ಮೂರನೇ ಸಲಕ್ಕೂ ಘಮ ಇರುತ್ತದೆ, ಆಮೇಲೆ ಬರೀ ಬಿಸಿನೀರು. ಹಾಲು ಬೇಡವೇ ಬೇಡ. ಸಕ್ಕರೆ ಇಲ್ಲದೆ ಆಗುವುದಿಲ್ಲ ಅನ್ನುವವರು ಅವರವರ ಕಪ್ಪಿಗೆ ಸ್ವಲ್ಪ ಜೇನು ಹಾಕಿಕೊಳ್ಳಲಿ. ಜೊತೆಗೆ ಮಿರ್ಚಿ ಮಂಡಕ್ಕಿ ಇಡಬೇಡಿ. ದಾವಣಗೆರೆಯವರಿಗೆ ಹೀಗೆ ಹೇಳುವುದು ಕಷ್ಟ, ಆದರೆ ಆ ಖಾರದ ಮುಂದೆ ಮಲ್ಲಿಗೆಯ ಘಮ ನಿಲ್ಲುವುದಿಲ್ಲ. ಕೊಬ್ಬರಿ ಮಿಠಾಯಿ, ಹಾಲುಬಾಯಿ ಚೆನ್ನಾಗಿ ಹೊಂದುತ್ತವೆ.

ಐದು ನಿಮಿಷವಾದರೂ ಬಾಯಿ ಬಿಡದಿದ್ದರೆ? ತಲೆಕೆಳಗಾಗಿ ತೇಲುತ್ತಿದ್ದರೆ ಚಮಚದ ಹಿಡಿಯಿಂದ ಮೆಲ್ಲಗೆ ಹೊರಳಿಸಿ. ಮೇಲಿನ ಒಂದು ಎಲೆ ಅಡ್ಡ ಹಿಡಿದಿದ್ದರೆ ಅದೇ ಹಿಡಿಯಿಂದ ಸ್ವಲ್ಪ ಬಿಡಿಸಿ. ನೀರು ಆರಿದ್ದರೆ ಅರ್ಧ ಬಗ್ಗಿಸಿ ಬಿಸಿನೀರು ಸೇರಿಸಿ. ಆದರೂ ಆಗಲಿಲ್ಲ ಅಂದರೆ ಕಟ್ಟಿದ್ದೇ ಬಿಗಿ ಜಾಸ್ತಿ. ಬಿಡಿ, ಚಹಾ ಕುಡಿಯಿರಿ.

ಇನ್ನು ಹೂವಿನ ವಿಷಯ. ಮಧ್ಯದಲ್ಲಿ ಹೆಚ್ಚಾಗಿ ಇರುವುದು ಗೊಂಫ್ರಿನಾ ಎಂಬ ಗುಂಡನೆಯ ನೇರಳೆ-ಗುಲಾಬಿ ಹೂ, ನಮ್ಮ ಕೈತೋಟಗಳಲ್ಲೂ ಬೆಳೆಯುತ್ತದೆ. ಅದರಲ್ಲಿ ಬಣ್ಣ ಇರುವುದು ಎಸಳಿಗಲ್ಲ, ಕಾಗದದಂಥ ಪುಟ್ಟ ಪುಷ್ಪಪತ್ರಗಳಿಗೆ, ಅಂದರೆ ಹೂವಿನ ಬುಡದ ಎಲೆಗಳಿಗೆ. ಅದಕ್ಕೇ ಒಣಗಿದರೂ ಬಣ್ಣ ಮಾಸುವುದಿಲ್ಲ, ಉಂಡೆ ಕಟ್ಟುವವರಿಗೆ ಅಷ್ಟು ಇಷ್ಟ. ಲಿಲಿ, ಸೇವಂತಿಗೆ, ಕ್ಯಾಲೆಂಡುಲಾ, ಮಲ್ಲಿಗೆ, ಓಸ್ಮಾಂಥಸ್ ಕೂಡ ಬಳಸುತ್ತಾರೆ. ತಿಂದರೆ ಅಪಾಯ ಅಂತಲ್ಲ. ಆದರೆ ರುಚಿಯೂ ಇಲ್ಲ, ನಾರು ನಾರು. ಮೇಲಾಗಿ ಒಳಗೆ ದಾರ ಇದೆ. ಹಾಗಾಗಿ ತಿನ್ನಬೇಡಿ. ಸೇವಂತಿಗೆ ಜಾತಿಯ ಹೂಗಳಿಂದ ಅಲರ್ಜಿ ಆಗುವವರು ಡಬ್ಬಿಯ ಮೇಲೆ ಯಾವ ಹೂ ಅಂತ ಓದಿಯೇ ಕುಡಿಯಬೇಕು. ಇದು ಹೂವಿನ ಕಷಾಯ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಚಹಾ ಎಲೆಯೇ ಮುಖ್ಯ, ಕೆಫೀನ್ ಇದೆ. ರಾತ್ರಿ ನಿದ್ದೆ ಬಾರದವರು ಸಂಜೆಯೊಳಗೇ ಕುಡಿದುಬಿಡಿ. ತೂಕ ಇಳಿಯುತ್ತದೆ, ಚರ್ಮ ಹೊಳೆಯುತ್ತದೆ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಕುಡಿದಾದ ಮೇಲೆ ಹೂವನ್ನು ತಣ್ಣೀರಿನಲ್ಲಿಟ್ಟು, ದಿನಾ ನೀರು ಬದಲಿಸಿದರೆ ಒಂದೆರಡು ದಿನ ಟೇಬಲ್ ಮೇಲೆ ಚೆನ್ನಾಗಿ ಕಾಣುತ್ತದೆ. ಆ ನೀರನ್ನು ಕುಡಿಯಬೇಡಿ.

ಮುಂದೆ ನೀವೇ ಕೊಳ್ಳುವುದಾದರೆ ಹೂವಿನ ಚಿತ್ರ ನೋಡಿ ಕೊಳ್ಳಬೇಡಿ, ಉಂಡೆ ನೋಡಿ ಕೊಳ್ಳಿ. ಒಳ್ಳೆಯ ಉಂಡೆಯ ಮೇಲೆ ಬೆಳ್ಳಿಯಂಥ ರೋಮದ ಮೊಗ್ಗುಗಳು ಕಾಣುತ್ತವೆ, ಎಲೆ ಮುರಿದಿರುವುದಿಲ್ಲ, ತಳದಲ್ಲಿ ಪುಡಿ ಇರುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಹುಲ್ಲಿನ, ಮಲ್ಲಿಗೆಯ ತೆಳು ವಾಸನೆ ಬರಬೇಕು. ಊದಿನಕಡ್ಡಿಯ ಹಾಗೆ ಗಾಢವಾಗಿ ಹೊಡೆದರೆ ಸೆಂಟು ಸೇರಿಸಿದ್ದಾರೆ ಅಂತ ಅನುಮಾನಿಸಿ. ನೀರು ಬಿದ್ದ ಕ್ಷಣಕ್ಕೆ ಕೆಂಪೋ ನೀಲಿಯೋ ಬಣ್ಣ ದಟ್ಟವಾಗಿ ಹರಿದರೆ ಹೂವಿಗೆ ಬಣ್ಣ ಹಾಕಿದ್ದಾರೆ ಅಂತಲೇ ಅನ್ನಿಸುತ್ತದೆ, ಅದನ್ನು ನಾನಂತೂ ಕುಡಿಯುವುದಿಲ್ಲ. ಮನೆಯಲ್ಲಿ ಪ್ಯಾಕೆಟ್ ಒಡೆಯದೆ, ಬೆಳಕು ಬೀಳದ ಕಡೆ, ಮಸಾಲೆ ಡಬ್ಬಿಯಿಂದ ದೂರ ಇಡಿ. ಇಂಗಿನ ಪಕ್ಕ ಇಟ್ಟ ಚಹಾ ಇಂಗಿನ ವಾಸನೆಯನ್ನೇ ಹೀರಿಕೊಳ್ಳುತ್ತದೆ. ಒಂದು ವರ್ಷದೊಳಗೆ ಕುಡಿದರೆ ಘಮ ಚೆನ್ನಾಗಿರುತ್ತದೆ.

ಕೊನೆಗೆ ನಿಮ್ಮ ಹಿತ್ತಲಿನ ಮಲ್ಲಿಗೆ. ಉಂಡೆ ಕಟ್ಟಲು ಬರುವುದಿಲ್ಲ. ಅದಕ್ಕೆ ತೋಟದಿಂದ ಆಗಷ್ಟೇ ಕಿತ್ತ ಉದ್ದ ತೊಟ್ಟಿನ ಚಿಗುರು ಬೇಕು, ಪ್ಯಾಕೆಟ್ಟಿನ ಒಣ ಎಲೆಯಿಂದ ಆಗದು. ಆದರೆ ಉಂಡೆಯ ಅರ್ಧ ಸೊಗಸು ಮಲ್ಲಿಗೆಯ ಘಮದ್ದು, ಅದನ್ನು ಮನೆಯಲ್ಲೇ ತರಬಹುದು. ಚೀನಾದವರು ಚಹಾಕ್ಕೆ ಬಳಸುವ ಮಲ್ಲಿಗೆ ಜಾಸ್ಮಿನಮ್ ಸಂಬಾಕ್. ನಮ್ಮ ಉಡುಪಿ ಮಲ್ಲಿಗೆ ಕೂಡ ಅದೇ ಜಾತಿ. ಫುಜಿಯಾನಿನ ಫುಝೌ ನಗರ ಮಲ್ಲಿಗೆ ಚಹಾದ ತವರು. ಅಲ್ಲಿನ ಮಲ್ಲಿಗೆ ಮತ್ತು ಚಹಾ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಅಂತ ಗುರುತಿಸಿತು. ಅಲ್ಲಿ ಮಧ್ಯಾಹ್ನ ಬಲಿತ ಮೊಗ್ಗು ಕಿತ್ತು, ರಾತ್ರಿ ಅದು ಬಿರಿಯುವ ಹೊತ್ತಿಗೆ ಒಣ ಚಹಾದೊಂದಿಗೆ ಬೆರೆಸುತ್ತಾರೆ. ಬೆಳಗಾಗುವುದರೊಳಗೆ ಎಲೆ ಘಮವನ್ನು ಹೀರಿಕೊಂಡಿರುತ್ತದೆ. ಹೂ ಬೇರ್ಪಡಿಸಿ, ಚಹಾ ಒಣಗಿಸಿ, ಮತ್ತೆ ಹೊಸ ಹೂವಿನೊಂದಿಗೆ ಬೆರೆಸುತ್ತಾರೆ. ಒಳ್ಳೆಯ ಚಹಾಕ್ಕೆ ಹೀಗೆ ಹಲವು ರಾತ್ರಿ.

ನೀವೂ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಿ. ವಾಸನೆ ಬೆರೆಸದ ಸಾದಾ ಹಸಿರು ಚಹಾ ತನ್ನಿ, ಟೀ ಬ್ಯಾಗ್ ಬೇಡ, ಎಲೆಯ ರೂಪದ್ದು ಬೇಕು. ಮಲ್ಲಿಗೆ ನಿಮ್ಮ ಗಿಡದ್ದೇ ಆಗಬೇಕು, ಔಷಧಿ ಹೊಡೆದಿರಬಾರದು. ಮಾರುಕಟ್ಟೆಯ ಹೂವಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ, ಮುಡಿಯಬಹುದು, ಚಹಾಕ್ಕೆ ಸಲ್ಲದು. ಸಂಜೆ ಮೊಗ್ಗು ತುದಿ ಬಿಚ್ಚುತ್ತಿರುವಾಗ ಬಿಡಿಸಿ. ಅದರಲ್ಲಿ ನೀರಿನ ಹನಿ ಇರಬಾರದು. ಅಗಲ ಬಾಯಿಯ ಡಬ್ಬದಲ್ಲಿ ಒಂದು ಪದರ ಚಹಾ, ಒಂದು ಪದರ ಮಲ್ಲಿಗೆ ಹಾಕಿ ತೆಳು ಬಟ್ಟೆ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಬಾಡಿದ ಹೂವನ್ನು ಒಂದೂ ಬಿಡದೆ ಆರಿಸಿ ತೆಗೆಯಿರಿ, ಉಳಿದರೆ ಹುಳಿ ವಾಸನೆ ಬರುತ್ತದೆ. ಎಲೆ ಹೂವಿನ ತೇವವನ್ನೂ ಕುಡಿದಿರುತ್ತದೆ, ಒಣಗಿಸದಿದ್ದರೆ ಬೂಸು ಹಿಡಿಯುವುದು ಖಂಡಿತ. ಓವನ್ ಇದ್ದರೆ 60–70 ಡಿಗ್ರಿಯಲ್ಲಿಡಿ, ಇಲ್ಲದಿದ್ದರೆ ದಪ್ಪ ತಳದ ಬಾಣಲೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಒಲೆ ಆರಿಸಿ, ಅದರಲ್ಲಿ ಕೈಯಾಡಿಸುತ್ತಾ ಒಣಗಿಸಿ. ಎಲೆ ಮತ್ತೆ ಮುರುಮುರು ಅನ್ನಬೇಕು. ಇನ್ನೂ ಒಂದೆರಡು ರಾತ್ರಿ ಹೊಸ ಹೂವಿನೊಂದಿಗೆ ಇದನ್ನೇ ಮಾಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಂದು ತಿಂಗಳೊಳಗೆ 80 ಡಿಗ್ರಿಯ ನೀರಿನಲ್ಲಿ ಎರಡು ನಿಮಿಷ ಇಳಿಸಿ ಸೋಸಿ ಕುಡಿಯಿರಿ.